ಬಾಯಿಯಿಲ್ಲದ ಚೀಲ

ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಬೇರೆಯವರ ನೆನಪಿನ ಮೇಲೆ ಎಂದಲ್ಲ, ನನ್ನದರ ಮೇಲೇ. ಅದು ಸಭ್ಯ ಮನೆತನದ ಸುಳ್ಳುಗಾರನ ಹಾಗೆ. ದೊಡ್ಡ ಸುಳ್ಳು ಹೇಳುವುದಿಲ್ಲ. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದ ಜಾಗದಲ್ಲಿ ಒಂದು ಜಾಣ ಮಾತನ್ನು ನನ್ನ ಬಾಯಿಗೆ ತುರುಕುತ್ತದೆ, ಬೇರೆಯವರು ಹೇಳಿದ ಒಳ್ಳೆಯ ಮಾತನ್ನು ಸದ್ದಿಲ್ಲದೆ ನನ್ನ ಹೆಸರಿಗೆ ಮಾಡಿಕೊಡುತ್ತದೆ. ಈ ಕಾಟ ತಾಳಲಾರದೆ ಕಾಲೇಜಿನ ದಿನಗಳಿಂದಲೇ ಡೈರಿ ಬರೆಯುವ ಅಭ್ಯಾಸ ಮಾಡಿಕೊಂಡೆ. ಈಗ ಹೇಳಹೊರಟಿರುವ ಸಂಗತಿ ನಡೆದ ವರ್ಷದ ಡೈರಿಯೂ ಇದೆ. ಇದನ್ನು ಬರೆಯುತ್ತಿರುವಾಗ ಅದು ನನ್ನ ಬಲಗೈಗೆ ಎಟುಕುವಷ್ಟು ಹತ್ತಿರದಲ್ಲೇ ಇದೆ. ಅದರಿಂದ ಎಷ್ಟು ನೆರವಾಯಿತು ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಸಂಗತಿ ಜಿಪ್ಪಿನದು. ಇವತ್ತು ಜಿಪ್ಪಿಲ್ಲದ ಮನೆಯಿಲ್ಲ. ಚೀಲಕ್ಕೆ, ಪ್ಯಾಂಟಿಗೆ, ದಿಂಬಿನ ಗವಸಿಗೆ, ಕೊನೆಗೆ ಹಾಸಿಗೆಗೂ ಜಿಪ್ಪು. ನಮ್ಮ ಕಲಬುರಗಿಯ ಬಜಾರಿನಲ್ಲಿ ಅದಕ್ಕೆ ಚೈನು ಎನ್ನುತ್ತಾರೆ. ಕೊರಳಿಗೆ ಹಾಕುವುದೂ ಚೈನು, ಸೈಕಲ್ಲಿಗೆ ಇರುವುದೂ ಚೈನು, ಚೀಲದ್ದೂ ಚೈನು. ಯಾರಿಗೂ ಗೊಂದಲವಿಲ್ಲ, ಯಾರೂ ಅದಕ್ಕೊಂದು ಕನ್ನಡ ಪದ ಬೇಕೆಂದು ಉಪವಾಸ ಕೂತಿಲ್ಲ. ಆದರೆ ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಒಂದೆರಡು ವರ್ಷಗಳಾಗಿದ್ದ ಆ ಕಾಲದಲ್ಲಿ ನಮ್ಮಲ್ಲಿ ವಸ್ತುಗಳನ್ನು ಮುಚ್ಚಿಡುವ ಸಾಧನಗಳು ಬೇರೆಯೇ ಇದ್ದವು. ಚಡ್ಡಿಗೆ ಲಾಡಿ, ಅಂಗಿಗೆ ಗುಂಡಿ, ಕುಪ್ಪಸಕ್ಕೆ ಕಸೆ, ಬಾಗಿಲಿಗೆ ಚಿಲಕ, ಪೆಟ್ಟಿಗೆಗೆ ಕೊಂಡಿ, ಎಲೆಯಡಿಕೆಯ ಸಂಚಿಗೆ ಎರಡೂ ಕಡೆ ಎಳೆಯುವ ದಾರ. ಇಷ್ಟರಲ್ಲಿ ಜಗತ್ತಿನ ಸಕಲ ಬಾಯಿಗಳನ್ನೂ ಮುಚ್ಚಬಹುದು ಎಂದು ನಾವು ನಂಬಿದ್ದೆವು. ಹೈದರಾಬಾದಿಗೆ ಹೋಗಿ ಪದವಿ ಪಡೆದು ಬಂದಿದ್ದ ನಾನೂ ನಂಬಿದ್ದೆ. ನನ್ನ ಹತ್ತಿರ ಡಿಗ್ರಿಯಿತ್ತು, ಜಿಪ್ಪಿನ ಪರಿಚಯವಿರಲಿಲ್ಲ. ಆ ದಿನಗಳಲ್ಲಿ ಇವೆರಡೂ ಒಬ್ಬನಲ್ಲೇ ಸೇರಿರುವುದು ಅಪರೂಪವಾಗಿತ್ತು.

ಆಗ ನನಗೆ ಬಸ್ ನಿಲ್ದಾಣದ ಕಚೇರಿಯಲ್ಲಿ ಹಂಗಾಮಿ ಕಾರಕೂನನ ಕೆಲಸ. ಹಂಗಾಮಿ ಎಂದರೆ ಆರು ತಿಂಗಳು ಚೆನ್ನಾಗಿ ನಡೆದುಕೊಂಡರೆ ಕಾಯಂ, ಇಲ್ಲದಿದ್ದರೆ ಮನೆ. ಪ್ರಯಾಣಿಕರು ಬಸ್ಸುಗಳಲ್ಲಿ ಮರೆತು ಹೋದ ಸಾಮಾನುಗಳನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಡುತ್ತಿದ್ದರು. ಅದಕ್ಕೆ ಲಾವಾರಿಸ್ ಖೋಲಿ ಎಂದು ಹೆಸರು, ವಾರಸುದಾರರಿಲ್ಲದವುಗಳ ಕೋಣೆ. ಕೊಡೆಗಳು, ಒಂಟಿ ಚಪ್ಪಲಿಗಳು, ತತ್ರಾಣಿಗಳು, ಯಾರೋ ಅಜ್ಜನ ಹಲ್ಲಿನ ಸೆಟ್ಟು, ಒಮ್ಮೆ ಒಂದು ಜೀವಂತ ಕೋಳಿ ಅಲ್ಲಿ ವಾಸವಾಗಿದ್ದವು. ಆ ಖೋಲಿಯ ಯಜಮಾನರು ಮುನ್ಷಿ ಖಾದರ್ ಸಾಹೇಬರು. ಮೂವತ್ತು ವರ್ಷ ಉರ್ದುವಿನಲ್ಲಿ ದಫ್ತರ ಬರೆದ ಕೈ. ಅಕ್ಷರಗಳು ಮಲ್ಲಿಗೆ ದಂಡೆಯ ಹಾಗೆ. ಈಗ ದಫ್ತರವೆಲ್ಲ ಕನ್ನಡದಲ್ಲಿ ಇರಬೇಕೆಂದು ಹುಕುಂ ಆಗಿತ್ತು. ಸಾಹೇಬರಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಬರೆಯುವುದಕ್ಕೆ ನಾನು. ಮಧ್ಯಾಹ್ನ ಊಟವಾದ ಮೇಲೆ ಅವರು ಮೇಜಿನ ಕೆಳಗೆ ಒಂದು ಪಾಟಿ, ಅಂದರೆ ಸ್ಲೇಟು, ಇಟ್ಟುಕೊಂಡು ಕನ್ನಡ ಅಕ್ಷರ ತಿದ್ದುತ್ತಿದ್ದರು. ಯಾರಾದರೂ ಬಂದರೆ ಪಾಟಿಯ ಮೇಲೆ ಕೂತುಬಿಡುತ್ತಿದ್ದರು. ಸಂಜೆ ಮನೆಗೆ ಹೋಗುವಾಗ ಅವರ ಶೇರವಾನಿಯ ಹಿಂಭಾಗದಲ್ಲಿ ಒಂದೆರಡು ಒತ್ತಕ್ಷರಗಳು ಮೂಡಿರುತ್ತಿದ್ದವು.

ನಾನೋ, ಸಿಕ್ಕ ಅವಕಾಶದಲ್ಲಿ ಕನ್ನಡವನ್ನು ಉದ್ಧಾರ ಮಾಡಲು ಹೊರಟಿದ್ದೆ. ಸಾಮಾನ್ಯ ಮಾತು ನನಗೆ ಆಗುತ್ತಿರಲಿಲ್ಲ. ಕೊಡೆ ಎಂದು ಬರೆಯಬೇಕಾದಲ್ಲಿ ಛತ್ರ, ತತ್ರಾಣಿ ಎಂದು ಬರೆಯಬೇಕಾದಲ್ಲಿ ಜಲಪಾತ್ರೆ, ಆ ಹಲ್ಲಿನ ಸೆಟ್ಟಿಗೆ ಕೃತಕ ದಂತಾವಳಿ. ಕೋಳಿಯನ್ನು ಕುಕ್ಕುಟ ಎಂದು ಬರೆದಿದ್ದರಿಂದ ಅದರ ಒಡೆಯ ಬಂದು ಎರಡು ತಾಸು ಕೂತರೂ ದಫ್ತರದಲ್ಲಿ ಕೋಳಿ ಸಿಗಲಿಲ್ಲ. ಕೊನೆಗೆ ಅದೇ ಕೂಗಿ ತನ್ನ ಇರವನ್ನು ತಿಳಿಸಿತು.

ಒಂದು ಸಂಜೆ ಕಮಲಾಪುರದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ಒಂದು ಕಂದು ಬಣ್ಣದ ತೊಗಲಿನ ಚೀಲ ತಂದಿಟ್ಟ. ಅಂಥದ್ದನ್ನು ನಾವು ಮೂವರೂ ನೋಡಿರಲಿಲ್ಲ. ಮೂರನೆಯವನು ಜವಾನ ಭೀಮಣ್ಣ. ಚೀಲಕ್ಕೆ ಕೊಂಡಿಯಿಲ್ಲ, ಬಕಲ್ಲಿಲ್ಲ, ಗುಂಡಿಯಿಲ್ಲ, ದಾರವಿಲ್ಲ. ಮೇಲ್ಭಾಗದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಹಿತ್ತಾಳೆಯ ಸಣ್ಣ ಹಲ್ಲುಗಳ ಸಾಲು, ಒಂದರೊಳಗೊಂದು ಕಚ್ಚಿಕೊಂಡು ಕೂತಿವೆ. ಒಂದು ತುದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಒಂದು ತೊಗಲಿನ ಟೊಪ್ಪಿಗೆ. ಭೀಮಣ್ಣ ಚೀಲವನ್ನು ನಾಲ್ಕೂ ಕಡೆ ತಿರುಗಿಸಿ, ಮೂಸಿ, ಕಿವಿಗೆ ಹಿಡಿದು ನೋಡಿದ.

"ಬಾಯೇ ಇಲ್ರೀ ಇದಕ್ಕ. ಒಳಗ ಸಾಮಾನ ಇಟ್ಟು ಸುತ್ತ ಹೊಲದುಬಿಟ್ಟಾರ."

"ಹಾಗಾದರೆ ಈ ಹಲ್ಲು?" ಎಂದೆ.

"ಚಂದ ಕಾಣ್ಲಿ ಅಂತ ಹಚ್ಚಿರಬೇಕ್ರಿ. ಎತ್ತಿನ ಕೊಂಬಿಗಿ ಕೊಡಣಸು ಹಾಕಂಗಿಲ್ಲೇನು?"

ನಾನು ಪದವೀಧರ. ಜವಾನನ ಮಾತನ್ನು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ. ಕನ್ನಡಕ ಏರಿಸಿ ಪರೀಕ್ಷಿಸಿ, ಗಂಭೀರವಾಗಿ ಯೋಚಿಸಿ, ಆಮೇಲೆ ಅವನ ಮಾತನ್ನೇ ಸಂಸ್ಕೃತದಲ್ಲಿ ಬರೆದೆ: 'ನಿರ್ಮುಖ ಚರ್ಮಪೇಟಿಕೆ, ಒಂದು. ದಂತಾಲಂಕೃತ. ತೆರೆಯಲು ಅವಕಾಶವಿಲ್ಲ.' ಬರೆದು, ಒತ್ತುಕಾಗದ ಒತ್ತಿ, ದೂರ ಹಿಡಿದು ಓದಿದೆ. ನಿರ್ಮುಖ! ಆ ರಾತ್ರಿ ಡೈರಿಯಲ್ಲಿ ಆ ಪದದ ಬಗ್ಗೆ ಒಂದು ಪುಟ ಬರೆದಿದ್ದೇನೆ ಎಂದು ನೆನಪು. ಅರ್ಧ ಪುಟವೂ ಇರಬಹುದು.

ಮರುದಿನ ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಬಂದಳು ಚಂದಮ್ಮ. ಮೂವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಇಳಕಲ್ ಸೀರೆ, ಕಂಕುಳಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು. ಬುಟ್ಟಿಯನ್ನು ನನ್ನ ದಫ್ತರದ ಮೇಲೆಯೇ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಸಾಹೇಬ್ರ, ನಾ ಕಮಲಾಪುರದ ದಾಯಿ ಚಂದಮ್ಮ. ನಿನ್ನಿ ಬಸ್ಸಿನಾಗ ನನ್ನ ಚೀಲ ಬಿಟ್ಟೀನಿ. ಈ ಬಾಳಿಹಣ್ಣು ನುಗ್ಗಾದಾವು ಅಂತ ಬುಟ್ಟಿ ಕೂಸಿನಂಗ ಅವಚಿಕೊಂಡು ಇಳದೆ, ಚೀಲ ಅಲ್ಲೇ ಕುಂತದ. ನೂರಾ ಎಂಟ ಕೂಸು ಹಿಡದ ಕೈ ಇದು, ಒಂದೂ ಬಿಟ್ಟಿಲ್ಲ. ಚೀಲ ಬಿಟ್ಟೆ ನೋಡ್ರಿ."

ಅವಳ ಅವಸರಕ್ಕೆ ಕಾರಣವಿತ್ತು. ಕಮಲಾಪುರದಲ್ಲಿ ಹೊಸದಾಗಿ ದವಾಖಾನೆ ತೆರೆಯುವವರಿದ್ದರು. ಅಲ್ಲಿಗೆ ಒಬ್ಬ ನರ್ಸಬಾಯಿ ಬೇಕು. ಚಂದಮ್ಮ ಗಂಡ ತೀರಿದ ಮೇಲೆ ಸೊಲ್ಲಾಪುರಕ್ಕೆ ಹೋಗಿ, ಒಬ್ಬ ಡಾಕ್ಟರ್ ಬಾಯಿಯ ಕೈಕೆಳಗೆ ಎರಡು ವರ್ಷ ಹೆರಿಗೆಯ ಕೆಲಸ ಕಲಿತು, ಪರೀಕ್ಷೆ ಕೊಟ್ಟು ಸರ್ಟಿಫಿಕೇಟು ತಂದಿದ್ದಳು. ಆ ಚೀಲವೂ ಡಾಕ್ಟರ್ ಬಾಯಿ ಬೀಳ್ಕೊಡುವಾಗ ಕೊಟ್ಟದ್ದು. ಸರ್ಟಿಫಿಕೇಟು ಸುತ್ತಿ ಹಾಕಿದ್ದ ತಗಡಿನ ಕೊಳವೆ ಚೀಲದೊಳಗಿತ್ತು. ಅವತ್ತು ಸಂಜೆ ನಾಲ್ಕು ಗಂಟೆಯೊಳಗೆ ಅದನ್ನು ದೊಡ್ಡ ದವಾಖಾನೆಯ ಸಾಹೇಬರಿಗೆ ತೋರಿಸಿದರೆ ನೌಕರಿ, ಇಲ್ಲದಿದ್ದರೆ ಹೈದರಾಬಾದಿನಿಂದ ಬಂದಿರುವ ಇನ್ನೊಬ್ಬಳಿಗೆ. "ಆ ಹುಡಗಿಗಿ ಕಮಲಾಪುರ ಎಲ್ಲಿ ಅದ ಅಂತ ಗೊತ್ತಿಲ್ರೀ," ಎಂದಳು ಚಂದಮ್ಮ. "ಅಲ್ಲಿ ಹೆಣಮಕ್ಕಳು ಹೊಲದಾಗ ಕೆಲಸ ಮಾಡ್ಕೋತನೇ ಬ್ಯಾನಿ ತಿಂತಾರ. ಅಕಿ ಕುರ್ಚಿ ಕೇಳ್ತಾಳ."

ಚೀಲ ಹತ್ತು ಹೆಜ್ಜೆಯ ಆಚೆ ಒಳಕೋಣೆಯಲ್ಲಿತ್ತು. ಎತ್ತಿ ಕೊಟ್ಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಲಾವಾರಿಸ್ ಖೋಲಿಗೊಂದು ಕಾಯಿದೆಯಿತ್ತು. ಕೇಳಿಕೊಂಡು ಬಂದವರು ಮೊದಲು ತಮ್ಮ ವಸ್ತು ಹೇಗಿದೆ ಎಂದು ಬಾಯಲ್ಲಿ ಹೇಳಬೇಕು. ಹೇಳಿದ್ದು ದಫ್ತರದಲ್ಲಿ ಬರೆದದ್ದಕ್ಕೆ ತಾಳೆಯಾಗಬೇಕು. ತಾಳೆಯಾಗುವ ತನಕ ವಸ್ತುವನ್ನು ಕಣ್ಣಿಗೆ ತೋರಿಸುವಂತಿಲ್ಲ. ಹಿಂದಿನ ತಿಂಗಳು ಒಬ್ಬ 'ಅದೇ, ಅದೇ ನಂದು' ಎಂದು ಬೆರಳು ತೋರಿಸಿ ಇನ್ನೊಬ್ಬರ ಟ್ರಂಕು ಹೊತ್ತುಕೊಂಡು ಹೋಗಿದ್ದ. ಅದಕ್ಕಾಗಿ ಖಾದರ್ ಸಾಹೇಬರಿಗೆ ಮೇಲಿನಿಂದ ತಾಕೀತು ಬಂದಿತ್ತು. "ದಿನ ಬದಲಾಗ್ಯಾವ ಬೇಟಾ," ಎನ್ನುತ್ತಿದ್ದರು ಅವರು. "ಮೊದಲು ನಾನು ಒಂದು ತಪ್ಪು ಮಾಡಿದ್ರೆ ಅದು ತಪ್ಪು ಇತ್ತು. ಈಗ ನಾನು ಮಾಡಿದ್ರೆ ಅದು ನನ್ನ ಮ್ಯಾಲ ಸಬೂತು, ಸಾಕ್ಷಿ." ನಗುತ್ತಲೇ ಹೇಳುತ್ತಿದ್ದರು, ಆದರೆ ಅಂದಿನಿಂದ ಕಾಯಿದೆಯನ್ನು ಕೂದಲೆಳೆಯಷ್ಟೂ ಸಡಿಲ ಬಿಟ್ಟಿರಲಿಲ್ಲ.

"ಬೋಲೋ ಬಾಯಿ, ಚೀಲ ಹ್ಯಾಂಗ್ ಅದ?" ಎಂದರು ಸಾಹೇಬರು.

"ತೊಗಲಿಂದ್ರಿ. ಕಂದು ಬಣ್ಣ."

ಸಾಹೇಬರು ನನ್ನತ್ತ ನೋಡಿದರು. ನಾನು ಹೂಂಗುಟ್ಟಿದೆ.

"ಮ್ಯಾಲ ಬಾಯಿಗಿ ಹಿತ್ತಾಳಿ ಹಲ್ಲು ಅದಾವ. ಎಳದರ ಬಾಯಿ ತೆಗಿತದ, ಎಳದರ ಮುಚ್ಚತದ."

"ಠೈರೋ." ಸಾಹೇಬರು ಕೈಯೆತ್ತಿದರು. "ಎಳದರ ತೆಗಿತದೋ, ಎಳದರ ಮುಚ್ಚತದೋ? ಏಕ್ ಬಾತ್ ಬೋಲೋ."

"ಎರಡೂ ರೀ."

"ಒಂದೇ ಚೀಜು ಬಂದ್ ಭೀ ಮಾಡತದ, ಖುಲ್ಲಾ ಭೀ ಮಾಡತದ? ಹ್ಯಾಂಗ್ ಸಾಧ್ಯ?"

"ಯಾಕ್ರಿ ಸಾಹೇಬ್ರ, ನಿಮ್ಮ ಮನಿ ಬಾಗಲಾ ಏನ್ ಮಾಡ್ತದ?"

ಸಾಹೇಬರು ಸ್ವಲ್ಪ ಹೊತ್ತು ತಮ್ಮ ಮನೆಯ ಬಾಗಿಲನ್ನು ಕಣ್ಣೆದುರಿಗೆ ತಂದುಕೊಂಡ ಹಾಗೆ ಕಂಡಿತು. ಆಮೇಲೆ ನನಗೆ ಹೇಳಿದರು: "ಬೇಟಾ, ದಫ್ತರದಾಗ ಏನು ಬರೆದೀಯಾ, ಓದು."

ಬರೆದಾಗ ಅಷ್ಟು ಗಂಭೀರವಾಗಿದ್ದ ಮಾತು, ಅವಳ ಎದುರು ಓದಬೇಕಾದಾಗ ಮದುವೆ ಮನೆಗೆ ಬಂದ ಯಕ್ಷಗಾನದ ಕಿರೀಟದಂತೆ ಕಂಡಿತು. ಆದರೂ ಓದಿದೆ. "ನಿರ್ಮುಖ ಚರ್ಮಪೇಟಿಕೆ, ಒಂದು. ದಂತಾಲಂಕೃತ."

ಚಂದಮ್ಮ ಕೈಮುಗಿದಳು. "ಮಂತ್ರ ಮುಗೀತೇನ್ರಿ? ಈಗ ಚೀಲದ ಮಾತ ಹೇಳ್ರಿ."

"ಅದೇ ಚೀಲದ ಮಾತು," ಎಂದೆ. "ನಿರ್ಮುಖ ಅಂದರೆ ಬಾಯಿಯಿಲ್ಲದ್ದು."

"ಬಾಯಿಲ್ಲದ ಚೀಲ?" ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಬಾಯಿಲ್ಲದಿದ್ರ ಅದರಾಗ ಸಾಮಾನ ಹ್ಯಾಂಗ್ ಹೋಗಬೇಕ್ರಿ ಯಪ್ಪಾ? ಹೊಟ್ಟ್ಯಾಗೇ ಹುಟ್ಟ್ಯಾವೇನು?"

ಇದು ನನಗೆ ಹಿಂದಿನ ಸಂಜೆ ಹೊಳೆದಿರಲಿಲ್ಲ. ಆದರೆ ಖಾದರ್ ಸಾಹೇಬರಿಗೆ ಇಷ್ಟು ಸ್ಪಷ್ಟವಾಗಿತ್ತು: ಇವಳ ಚೀಲಕ್ಕೆ ಬಾಯಿ ಇದೆ, ನಮ್ಮ ಚೀಲಕ್ಕೆ ಬಾಯಿ ಇಲ್ಲ, ಆದ್ದರಿಂದ ಇದು ಇವಳದಲ್ಲ. "ಅಫ್‌ಸೋಸ್ ಬಾಯಿ," ಎಂದರು, ನಿಜವಾದ ವ್ಯಥೆಯಿಂದ. "ತಾಳಿ ಆಗವಲ್ದು."

ಗೋಡೆಯ ಗಡಿಯಾರದಲ್ಲಿ ಮೂರು ಹೊಡೆಯಿತು. ಚಂದಮ್ಮ ಬಾಗಿಲ ಕಡೆ ಒಮ್ಮೆ, ಗಡಿಯಾರದ ಕಡೆ ಒಮ್ಮೆ ನೋಡಿದಳು. ಬೇರೆಯವರಾಗಿದ್ದರೆ ಅಳುತ್ತಿದ್ದರು ಇಲ್ಲವೆ ಬೈಯುತ್ತಿದ್ದರು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಕಷ್ಟದ ಹೆರಿಗೆಯ ಮನೆಗೆ ಹೊಕ್ಕಾಗ ಹೀಗೆಯೇ ಸಿಕ್ಕಿಸುತ್ತಿದ್ದಳೇನೋ.

"ಇರ್ಲಿ ಸಾಹೇಬ್ರ. ನಿಮಗ ಬಾಯಿ ಕಾಣಲಿಲ್ಲ. ಹೊಟ್ಟಿ ಅರ ಕಾಣತದಲ್ಲ? ಒಳಗ ಏನೇನು, ಎಲ್ಲೆಲ್ಲಿ ಅದ, ನಾ ಇಲ್ಲೇ ನಿಂತು ಹೇಳ್ತೀನಿ. ಈ ತಮ್ಮ ಒಳಗ ಹೋಗಿ ಮ್ಯಾಲಿಂದ ಮುಟ್ಟಿ ನೋಡ್ಲಿ. ತೋರಸಬ್ಯಾಡ್ರಿ, ತೆಗಿಬ್ಯಾಡ್ರಿ. ಬಸರಿ ಹೊಟ್ಟಿ ನಾವು ಸೀಳಿ ನೋಡ್ತೀವೇನು? ಕೈಯಿಂದನೇ ತಿಳಕೋತೀವಿ."

ಖಾದರ್ ಸಾಹೇಬರು ಗಡ್ಡ ನೀವಿಕೊಂಡರು. ಮೂವತ್ತು ವರ್ಷದ ಕಾಯಿದೆಯನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದರು. ಮುಟ್ಟಬಾರದು ಎಂದು ಎಲ್ಲೂ ಇರಲಿಲ್ಲ. "ಜಾವ್ ಬೇಟಾ," ಎಂದರು.

ಹೀಗೆ ನಾನು, ತರ್ಕಶಾಸ್ತ್ರವನ್ನು ವಿಶೇಷ ವಿಷಯವಾಗಿ ಓದಿದವನು, ಒಳಕೋಣೆಯಲ್ಲಿ ಮೊಣಕಾಲೂರಿ ಒಂದು ಚೀಲದ ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟು ಕೂತೆ. ನಡುವೆ ಬಾಗಿಲಿಗೆ ಗೋಣಿತಟ್ಟಿನ ಪರದೆ. ಪರದೆಯ ಆಚೆಯಿಂದ ಚಂದಮ್ಮನ ದನಿ.

"ಬಲಕ್ಕ ಬರ್ರಿ. ಗುಂಡಗ ಗಟ್ಟಿ ಹತ್ತತದ?"

"ಹೂಂ... ಇಲ್ಲ."

"ಅಂಜಬ್ಯಾಡ್ರಿ, ಒತ್ತರಿ. ಅದಕ್ಕೇನ್ ನೋವಾಗಂಗಿಲ್ಲ."

ಒತ್ತಿದೆ. "ಸಿಕ್ಕಿತು! ಗುಂಡಗಿದೆ."

"ಅದು ತಗಡಿನ ಡಬ್ಬಿ. ಅದರಾಗ ದಾರ, ಕತ್ತರಿ. ಈಗ ಎಡಕ್ಕ ಕೆಳಗ ಸರೀರಿ. ಉದ್ದಂದು, ಎರಡೂ ತುದಿ ಅಗಲ, ನಡು ಸಣ್ಣ?"

"ಇದೆ ಇದೆ!"

"ಅದು ಕೂಸಿನ ಎದಿಬಡಿತ ಕೇಳೂ ಕಟಗಿ ನಳಗಿ. ಬಗಲಾಗ ಮೆತ್ತಗ ಏನರ ಹತ್ತಿದ್ರ ರಬ್ಬರ್ ಹಾಸಿಗಿ. ಈಗ ಹಗೂರ್ಕ ತಳಕ್ಕ ಹೋಗ್ರಿ. ತಳದಾಗ, ಅಡ್ಡಡ್ಡ."

ಇಷ್ಟರಲ್ಲಿ ಹೊರಗೆ ಜನ ಸೇರಿದ್ದರು. ಬಸ್ಸಿಗೆ ಕಾಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲಕ್ಷೇಪ ಎಲ್ಲಿ ಸಿಗಬೇಕು? ಪರದೆಯ ಹಿಂದೆ ಯಾರೋ, ಮುಂದೆ ದಾಯಿ, ನಡುವೆ 'ಒತ್ತರಿ, ಅಂಜಬ್ಯಾಡ್ರಿ' ಎನ್ನುವ ಮಾತು. ತಾಜಸುಲ್ತಾನಪುರಕ್ಕೆ ಹೋಗಬೇಕಾಗಿದ್ದ ಮುದುಕಿಯೊಬ್ಬಳು "ಪಾಪ, ಬಸ್ಸಿನಾಗೇ ಬ್ಯಾನಿ ಸುರು ಆಗ್ಯಾವೇನೋ" ಎಂದು ಪಕ್ಕದವಳಿಗೆ ಹೇಳಿ, ದೇವರಿಗೆ ಹರಕೆ ಹೊತ್ತದ್ದು ನನಗೆ ಕೇಳಿಸಿತು.

ನನ್ನ ಬೆರಳಿಗೆ ತಳದಲ್ಲಿ ಗಟ್ಟಿಯಾದ, ಸಣ್ಣ ಕೊಳವೆಯೊಂದು ಅಡ್ಡಲಾಗಿ ಸಿಕ್ಕಿತು. "ಬಂತು!" ಎಂದು ಕೂಗಿದೆ.

"ಏನಾತ್ರೀ?" ಎಂದಳು ಮುದುಕಿ ಬಾಗಿಲಿನಿಂದ. "ಹೆಣ್ಣೋ ಗಂಡೋ?"

"ಸರ್ಟಿಫಿಕೇಟು!" ಎಂದೆ ನಾನು.

ಬೆವರೊರೆಸಿಕೊಂಡು ಹೊರಗೆ ಬಂದಾಗ ಮೂರೂಕಾಲು ದಾಟಿತ್ತು. ಚೀಲ ಅವಳದೇ ಎಂಬುದರಲ್ಲಿ ಯಾರಿಗೂ ಅನುಮಾನ ಉಳಿದಿರಲಿಲ್ಲ. ಖಾದರ್ ಸಾಹೇಬರಿಗೂ. ಆದರೆ ಅವರು ದಫ್ತರದ ಮೇಲೆ ಬೆರಳಿಟ್ಟುಕೊಂಡು ಹಾಗೆಯೇ ಕೂತಿದ್ದರು. "ಹೊಟ್ಟಿ ಹೊಂದ್ತು," ಎಂದರು ಮೆಲ್ಲಗೆ. "ಬಾಯಿ ಹೊಂದಿಲ್ಲ. ನಾಳೆ ಯಾರಾದರೂ ಕೇಳಿದ್ರೆ? ದಫ್ತರದಾಗ ಬಾಯಿ ಇಲ್ಲದ ಚೀಲ, ಖಾದರ್ ಕೊಟ್ಟಿದ್ದು ಬಾಯಿ ಇದ್ದ ಚೀಲ. ಬದಲ್ ಮಾಡಿದ ಅಂತಾರ."

ದಫ್ತರದಲ್ಲಿ ಬರೆದದ್ದನ್ನು ಹೊಡೆದುಹಾಕುವಂತಿರಲಿಲ್ಲ. ತಿದ್ದಬೇಕಾದರೆ ನಮ್ಮ ಕಚೇರಿಯ ದೊಡ್ಡ ಸಾಹೇಬರ ಸಹಿ ಬೇಕು, ಅವರು ದೌರೆಯ ಮೇಲೆ ಬೀದರಿಗೆ ಹೋಗಿದ್ದರು. ಉಳಿದದ್ದು ಒಂದೇ ದಾರಿ. ದಫ್ತರದ ಕೊನೆಯಲ್ಲಿ ಕೈಫಿಯತ್ತು ಎಂಬ ಸಣ್ಣ ಕಲಮಿತ್ತು, ಷರಾ ಬರೆಯುವ ಜಾಗ. ಬರೆದವನೇ ಅಲ್ಲಿ ತನ್ನ ತಪ್ಪನ್ನು ಒಪ್ಪಿಕೊಂಡು ಸಹಿ ಹಾಕಿದರೆ ಮುನ್ಷಿಯವರು ಮಂಜೂರು ಮಾಡಬಹುದು. ಅದು ಸಾಹೇಬರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಹಂಗಾಮಿ ನೌಕರನ ಹೆಸರಿನಲ್ಲಿ ಅಂಥದೊಂದು ಷರಾ ಬಿದ್ದರೆ ಕಾಯಂ ಆಗುವುದು ಅನುಮಾನ ಎನ್ನುವುದೂ ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಅವರು ನನಗೆ ಬರೆ ಎನ್ನಲಿಲ್ಲ. ಗಡಿಯಾರದ ಮುಳ್ಳನ್ನು ನೋಡುತ್ತ ಕೂತರು.

ಇಲ್ಲಿ ನನ್ನ ನೆನಪು, ನಾನು ಕೂಡಲೇ ಲೇಖನಿ ಎತ್ತಿಕೊಂಡೆ ಎನ್ನುತ್ತದೆ. ನಾನು ಅದನ್ನು ನಂಬುವುದಿಲ್ಲ. ನನ್ನನ್ನು ನಾನು ಬಲ್ಲೆ. ಮೊದಲು ನಾನು ಆ ಸಾಲನ್ನೇ ಬೇರೆ ರೀತಿಯಲ್ಲಿ ವ್ಯಾಖ್ಯಾನ ಮಾಡಬಹುದೇ ಎಂದು ಯೋಚಿಸಿರಬೇಕು. 'ನಿರ್ಮುಖ' ಎಂದರೆ ಸದ್ಯಕ್ಕೆ ಬಾಯಿ ಮುಚ್ಚಿರುವುದು ಎಂಬ ಅರ್ಥವೂ ಇದೆ ಎಂದು ಹೇಳಲು ಹೊರಟಿರಬೇಕು. ಖಚಿತವಾಗಿ ನೆನಪಿರುವುದು ಒಂದೇ: ಅಷ್ಟು ಹೊತ್ತು ಬಾಯಿ ಮುಚ್ಚದ ಚಂದಮ್ಮ ಆಗ ಒಂದೂ ಮಾತಾಡದೆ ನನ್ನನ್ನೇ ನೋಡುತ್ತ ನಿಂತಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕೈಫಿಯತ್ತಿನ ಕಲಮಿನಲ್ಲಿ, ಸಂಸ್ಕೃತವಿಲ್ಲದೆ, ಜೀವನದಲ್ಲಿ ಮೊದಲ ಸಲ ಎಲ್ಲರಿಗೂ ಅರ್ಥವಾಗುವ ಕನ್ನಡ ಬರೆದೆ: 'ಮೇಲಿನ ಚೀಲಕ್ಕೆ ಬಾಯಿ ಇದೆ. ಬರೆದವನಿಗೆ ಕಾಣಲಿಲ್ಲ.'

ಖಾದರ್ ಸಾಹೇಬರು ದಫ್ತರವನ್ನು ತಮ್ಮ ಕಡೆ ತಿರುಗಿಸಿಕೊಂಡರು. ನನಗೆ ಓದೆನ್ನಲಿಲ್ಲ. ತಾವೇ ಬೆರಳಿಟ್ಟು ಓದಿದರು. "ಬಾ...ಯಿ... ಇ...ದೆ. ಬ...ರೆ...ದ...ವ...ನಿ...ಗೆ..." ಪಾಟಿಯ ಮೇಲೆ ಕಲಿತ ಅಕ್ಷರಗಳು ಮೊದಲ ಸಲ ಕೆಲಸಕ್ಕೆ ಬಂದಿದ್ದವು. ಪೂರ್ತಿ ಓದಿ ಮುಗಿಸಿ, "ವಾಹ್, ಈಗ ಬರೆದೆ ನೋಡು ಕನ್ನಡ," ಎಂದು ಕೆಳಗೆ ಉರ್ದುವಿನಲ್ಲಿ ತಮ್ಮ ಮಲ್ಲಿಗೆ ದಂಡೆಯ ಸಹಿ ಹಾಕಿದರು.

ಭೀಮಣ್ಣ ಚೀಲ ತಂದಿಟ್ಟ. ಚಂದಮ್ಮ ತುದಿಯ ತೊಗಲಿನ ಟೊಪ್ಪಿಗೆಯೊಳಗೆ ಉಗುರು ತೂರಿಸಿದಳು. ಅಲ್ಲಿ ಅಡಗಿ ಕೂತಿದ್ದ ಪುಟ್ಟ ಹಿತ್ತಾಳೆಯ ನಾಲಗೆ ಹೊರಬಂತು. ಅದನ್ನು ಹಿಡಿದು ಎಳೆದಳು. ಝರ್ರ್ ಎಂದು ಹಲ್ಲುಗಳೆಲ್ಲ ಬಿಚ್ಚಿಕೊಂಡು ಚೀಲ ಉದ್ದಕ್ಕೆ ಬಾಯಿ ಬಿಟ್ಟಿತು. ಭೀಮಣ್ಣ ಎರಡು ಹೆಜ್ಜೆ ಹಿಂದಕ್ಕೆ ನೆಗೆದ. "ಮಾಶಾಲ್ಲಾ," ಎಂದರು ಖಾದರ್ ಸಾಹೇಬರು, ಆಮೇಲೆ ತುಸು ನಾಚಿಕೊಂಡು, "ಬಾಯಿ, ಒಮ್ಮೆ ನಾನು?" ಎಂದರು. ಅಷ್ಟು ಅವಸರದಲ್ಲೂ ಅವಳು ಚೀಲವನ್ನು ಅವರ ಮುಂದೆ ಸರಿಸಿದಳು. ಸಾಹೇಬರು ಮುಚ್ಚಿದರು. ತೆರೆದರು. "ಸಚ್ ಹೈ," ಎಂದರು. "ಎಳದರ ತೆಗಿತದ, ಎಳದರ ಮುಚ್ಚತದ."

"ಇದಕ್ಕೆ ಏನೆನ್ನುತ್ತಾರೆ?" ಎಂದು ಕೇಳಿದೆ. ದಫ್ತರಕ್ಕೆ ಒಂದು ಹೆಸರು ಬೇಕಲ್ಲ.

"ಡಾಕ್ಟರ್ ಬಾಯಿ ಇಂಗ್ಲೀಷಿನಾಗ ಏನೋ ಅಂತಿದ್ರು, ನೊಣ ಹೊಡದಂಗ. ನಾ ಎಳಿಬಾಯಿ ಅಂತೀನಿ. ಎಳದರ ಬಾಯಿ ಬಿಡತದಲ್ಲ, ಅದಕ್ಕ."

ಭೀಮಣ್ಣ ಟಾಂಗಾ ಕರೆಯಲು ಓಡಿದ. ಚಂದಮ್ಮ ಸರ್ಟಿಫಿಕೇಟಿನ ಕೊಳವೆಯನ್ನು ಎದೆಗವಚಿಕೊಂಡು, ಬುಟ್ಟಿಯಿಂದ ಮೂರು ಕೆಂಪು ಬಾಳೆಹಣ್ಣು ತೆಗೆದು ಮೇಜಿನ ಮೇಲಿಟ್ಟಳು. "ತಿನ್ರಿ ತಮ್ಮಾ," ಎಂದಳು ನನಗೆ. "ಇದಕ್ಕೂ ಬಾಯಿ ಕಾಣಂಗಿಲ್ಲ. ಹುಡುಕ್ಕೋತ ಕುಂದರಬ್ಯಾಡ್ರಿ, ಸುಲಿದು ತಿನ್ರಿ."

ದೊಡ್ಡ ಸಾಹೇಬರು ದೌರೆಯಿಂದ ಬಂದು ದಫ್ತರ ತನಿಖೆ ಮಾಡಿದ ದಿನ ನಾನು ಬೆಳಗಿನಿಂದ ನೀರು ಕೂಡ ಕುಡಿದಿರಲಿಲ್ಲ. ಅವರು ಆ ಪುಟಕ್ಕೆ ಬಂದು, ಕೈಫಿಯತ್ತಿನ ಕಲಮನ್ನು ದಿಟ್ಟಿಸಿ, "ಇದೇನು?" ಎಂದು ಉರ್ದುವಿನಲ್ಲಿ ಕೇಳಿದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ ಎಂಬುದು ನನಗೆ ಆಗಲೇ ತಿಳಿದದ್ದು. ಖಾದರ್ ಸಾಹೇಬರು ನಿಂತಲ್ಲೇ ಬಾಗಿ, "ಚೀಲ ವಾರಸುದಾರರಿಗೆ ಮುಟ್ಟಿತು ಎಂದು ಬರೆದಿದೆ ಹುಜೂರ್," ಎಂದರು. ಜೀವಮಾನದಲ್ಲಿ ಅವರು ದಫ್ತರದ ಬಗ್ಗೆ ಹೇಳಿದ ಏಕೈಕ ಸುಳ್ಳು ಅದಾಗಿರಬೇಕು. ಅದೂ ಪೂರ್ತಿ ಸುಳ್ಳಲ್ಲ. ಮುಂದಿನ ತಿಂಗಳು ನಾನು ಕಾಯಂ ಆದೆ.

ಪದದ ಮಾತಿಗೆ ಬರುತ್ತೇನೆ. 'ಎಳೆಬಾಯಿ' ನಮ್ಮ ಲಾವಾರಿಸ್ ಖೋಲಿಯಲ್ಲಿ ಹೈದರಾಬಾದ್ ರಾಜ್ಯ ಇದ್ದ ತನಕ ಬಳಕೆಯಲ್ಲಿತ್ತು. 'ಎಳೆಬಾಯಿ ಚೀಲ, ಒಂದು', 'ಎಳೆಬಾಯಿ ಇರುವ ಹಣದ ಪಾಕೀಟು, ಖಾಲಿ' ಎಂದು ನಾನೇ ಬರೆದಿದ್ದೇನೆ. ಭೀಮಣ್ಣ ಅದನ್ನು ಇನ್ನೂ ಮುಂದೆ ಒಯ್ದ. ಹತ್ತು ಸಲ ಕೇಳಿದರೆ ಒಂದು ಮಾತು ಆಡುವವರನ್ನು ಕಂಡರೆ "ಭಾಳ ಎಳಿಬಾಯಿ ಮನಶಾ" ಎನ್ನುತ್ತಿದ್ದ. ಆಮೇಲೆ ಆ ರಾಜ್ಯ ಹೋಯಿತು, ದಫ್ತರಗಳು ಎಲ್ಲಿಗೋ ಹೋದವು, ಬಜಾರಿಗೆ ಚೈನು ಬಂತು. ಸತ್ತ ಆ ಪದವನ್ನು ನಾನು ಮಾತ್ರ ಬಿಡಲಿಲ್ಲ. ಮದುವೆ ಮುಂಜಿಗಳಲ್ಲಿ, ನಿವೃತ್ತರ ಕಟ್ಟೆಯಲ್ಲಿ, ಜಿಪ್ಪಿಗೆ ಕನ್ನಡ ಪದ ಸೃಷ್ಟಿಸಿದವನು ನಾನೇ ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದೆ. ಚಂದಮ್ಮನ ಹೆಸರು ಯಾವಾಗ ಆ ಕತೆಯಿಂದ ಜಾರಿತೋ ತಿಳಿಯದು. ಬಸ್ಸಿನಿಂದ ಇಳಿಯುವಾಗ ಬಾಳೆಹಣ್ಣಿನ ಬುಟ್ಟಿಯನ್ನು ಅವಚಿಕೊಂಡು ಚೀಲವನ್ನು ಬಿಡುವುದು ಅವಳೊಬ್ಬಳ ಅಭ್ಯಾಸವಲ್ಲ.

ಹಾಗೆಂದು ಅವಳನ್ನು ಮರೆಯುವುದಕ್ಕೂ ಸಾಧ್ಯವಿರಲಿಲ್ಲ. ನನ್ನ ಹೆಂಡತಿ ನೀಲಮ್ಮನ ತವರು ಕಮಲಾಪುರ. ಮೊದಲ ಹೆರಿಗೆಗೆ ಅವಳು ಅಲ್ಲಿಗೆ ಹೋದಾಗ ಸುದ್ದಿ ಕೇಳಿ ನಾನೂ ಓಡಿದೆ. ಅತ್ತೆಯ ಮನೆಯ ಪಡಸಾಲೆಯಲ್ಲಿ ಶತಪಥ ಹಾಕುತ್ತಿದ್ದಾಗ ದವಾಖಾನೆಯಿಂದ ನರ್ಸಬಾಯಿ ಬಂದರು. ಬಿಳಿ ಸೀರೆ, ಕೈಯಲ್ಲಿ ಕಂದು ಚೀಲ. ನನ್ನನ್ನು ನೋಡಿ ಹೊಸ್ತಿಲಲ್ಲೇ ನಿಂತರು.

"ಬಾಯಿಲ್ಲದ ಚೀಲದ ಸಾಹೇಬ್ರಲ್ಲೇನ್ರಿ ನೀವು?"

ಅತ್ತೆ, ಮಾವ, ಇಬ್ಬರು ಮೈದುನರು, ನೆರೆಯವರು ಎಲ್ಲರೂ ನನ್ನ ಕಡೆ ತಿರುಗಿದರು. ಒಂದು ತಾಸಿನ ಮೇಲೆ ಒಳಗಿನಿಂದ ಊರಿಗೆಲ್ಲ ಕೇಳುವಂತೆ ಕೂಸು ಕಿರುಚಿತು. ಬಾಗಿಲು ಅರ್ಧ ತೆರೆದು ಚಂದಮ್ಮ ಮುಖ ಹೊರಹಾಕಿದಳು. "ಹೆಣ್ಣು ಕೂಸು. ಬಾಯಿ ಅದನೋ ಇಲ್ಲೋ, ಒಳಗ ಬಂದು ನೋಡಿ ಬರಕೋರಿ ಸಾಹೇಬ್ರ. ಈ ಸಲ ತಪ್ಪಬ್ಯಾಡ್ರಿ." ಆ ಮನೆಯಲ್ಲಿ ಇಂದಿಗೂ ನನ್ನನ್ನು ಬಾಯಿಲ್ಲದ ಅಳಿಯ ಎನ್ನುತ್ತಾರೆ. ನೀಲಮ್ಮನಿಗೆ ಅದು ನಿಜವೆಂದೇ ಅನಿಸಿದೆ.

ಬಾಯಿ ಇದೆಯೆಂದು ಅಂದು ಖಚಿತವಾದ ಆ ಮಗಳೇ ಹೋದ ದೀಪಾವಳಿಗೆ, ನನ್ನ ಹಳೆಯ ಡೈರಿಗಳಿಗೆ ಗೆದ್ದಲು ಹಿಡಿಯದಿರಲಿ ಎಂದು ಒಂದು ಚೀಲ ತಂದುಕೊಟ್ಟಳು. ಒಳ್ಳೆಯ ಗಟ್ಟಿ ಚೀಲ. ಡೈರಿಗಳನ್ನೆಲ್ಲ ಅದರಲ್ಲಿ ತುಂಬಿ ಎಳೆಬಾಯಿ ಎಳೆದೆ. ಅರಿವೆಯ ಅಂಚು ಹಲ್ಲಿಗೆ ಸಿಕ್ಕಿಕೊಂಡಿತು. ಅಂದಿನಿಂದ ಅದು ಹಿಂದೆ ಬರುವುದಿಲ್ಲ, ಮುಂದೆ ಹೋಗುವುದಿಲ್ಲ. ಮೇಣ ತಿಕ್ಕಿದೆ, ಎಣ್ಣೆ ಬಿಟ್ಟೆ, ಗದರಿಸಿದೆ. "ಬಜಾರಕ್ಕ ಒಯ್ದು ರಿಪೇರಿ ಮಾಡಸ್ರಿ ಅಂದ್ರ ಕೇಳಂಗಿಲ್ಲ. ಅಂಗಡ್ಯಾಗ ಚೈನು ಅನ್ನಲಿಕ್ಕಿ ಇವರಿಗಿ ಅವಮಾನ," ಎನ್ನುತ್ತಾಳೆ ನೀಲಮ್ಮ.

ಹೀಗಾಗಿ ಡೈರಿ ನನ್ನ ಬಲಗೈ ಪಕ್ಕದಲ್ಲೇ ಇದೆ ಎಂದು ಮೊದಲು ಹೇಳಿದ್ದು ನಿಜ. ಈ ಚೀಲದೊಳಗೆ ಇದೆ. ಬರೆಯುತ್ತ ಬರೆಯುತ್ತ ಅನುಮಾನ ಬಂದಾಗೆಲ್ಲ ಹೊರಗಿನಿಂದಲೇ ಅಂಗೈಯಿಟ್ಟು ಒತ್ತಿ ನೋಡಿದ್ದೇನೆ. ಬಲಕ್ಕೆ, ತಳದಲ್ಲಿ, ದಪ್ಪ ರಟ್ಟಿನದು. ಅದೇ ಆ ವರ್ಷದ್ದು. ಡೈರಿಯೊಳಗೆ ಏನಿದೆ ಎಂದು ಮೇಲೆ ಹೇಳಿದ್ದು ಚಂದಮ್ಮ ಕಲಿಸಿದ ವಿಧಾನದಿಂದ, ಆದರೆ ಅವಳ ಕೈಯಿಂದಲ್ಲ. ತಾಳೆ ಆಗದಿದ್ದರೆ ಓದುಗರು ಇಷ್ಟನ್ನು ಕೈಫಿಯತ್ತಿನಲ್ಲಿ ಸೇರಿಸಿಕೊಳ್ಳಬೇಕು: ಮೇಲಿನ ಪ್ರಬಂಧಕ್ಕೆ ಆಧಾರ ಇದೆ. ಬರೆದವನಿಗೆ ಕಾಣಲಿಲ್ಲ.